ಕೆಮ್ಮಿನ ಸಿರಪ್, 8 ತಿಂಗಳ ಬ್ಯಾನ್, ಆಮೇಲೆ? ಪೃಥ್ವಿ ಶಾ ಪ್ರಕರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಕೆಟಿಗರ ಡೋಪಿಂಗ್ (ನಿಷೇಧಿತ ಔಷಧಿ ಬಳಕೆ) ಬಗ್ಗೆ ಮಾತು ಬಂದಾಗಲೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ನಮ್ಮವರಿಗೆ ಚೆನ್ನಾಗಿ ನೆನಪಿರುವುದು ಮುಂಬೈನ ಆರಂಭಿಕ ಬ್ಯಾಟರ್ ಪೃಥ್ವಿ ಶಾ ಪ್ರಕರಣ. ಹಾಗಾಗಿ ಅಲ್ಲಿಂದಲೇ ಶುರು ಮಾಡಿದ್ದೇನೆ. ಆಸ್ಟ್ರೇಲಿಯಾದ ಸ್ಪಿನ್ನರ್ ಶೇನ್ ವಾರ್ನ್‌ನಿಂದ ಹಿಡಿದು ದಕ್ಷಿಣ ಆಫ್ರಿಕಾದ ವೇಗಿ ಕಗಿಸೊ ರಬಾಡವರೆಗೆ ಬೇರೆಯವರೂ ನಡುವೆ ಬರುತ್ತಾರೆ.

ಪೃಥ್ವಿ ಶಾ ಬ್ಯಾನ್ ಆಗಿದ್ದು ಯಾಕೆ?

2019ರ ಫೆಬ್ರವರಿ 22ರಂದು ಇಂದೋರ್‌ನಲ್ಲಿ ಸೈಯದ್ ಮುಷ್ತಾಕ್ ಅಲಿ ಟಿ20 ಪಂದ್ಯದ ವೇಳೆ ಅವರ ಮೂತ್ರದ ಸ್ಯಾಂಪಲ್ ತೆಗೆದುಕೊಂಡರು. ಅದರಲ್ಲಿ ಟರ್ಬುಟಲಿನ್ ಎಂಬ ಔಷಧಿ ಸಿಕ್ಕಿತು. ಬಿಗಿದ ಶ್ವಾಸನಾಳವನ್ನು ಸಡಿಲಿಸುವ ಔಷಧಿ ಇದು. ಕಫ ಕಟ್ಟಿದಾಗ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವ ಎಷ್ಟೋ ಸಿರಪ್‌ಗಳಲ್ಲಿ ಇರುತ್ತದೆ. ಕೆಮ್ಮಿಗೆ ಅಂತ ಸಿರಪ್ ಕುಡಿದಿದ್ದೆ, ಅದರಿಂದ ಬಂದಿದೆ ಎಂದು ಶಾ ಹೇಳಿದರು. ಬಿಸಿಸಿಐ ಅದನ್ನು ಒಪ್ಪಿತು. ಒಪ್ಪಿಯೂ 8 ತಿಂಗಳು ಬ್ಯಾನ್ ಮಾಡಿತು. ಸುದ್ದಿ ಹೊರಬಂದಿದ್ದು ಜುಲೈ 30ರಂದು.

ಆಗ ಹುಡುಗನಿಗೆ 19 ವರ್ಷ. 2018ರ ಆರಂಭದಲ್ಲಿ ರಾಹುಲ್ ದ್ರಾವಿಡ್ ಕೋಚ್ ಆಗಿದ್ದ 19 ವರ್ಷದೊಳಗಿನವರ ತಂಡಕ್ಕೆ ನಾಯಕನಾಗಿ ವಿಶ್ವಕಪ್ ಗೆದ್ದಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಜ್‌ಕೋಟ್‌ನಲ್ಲಿ ಮೊದಲ ಟೆಸ್ಟ್‌ನಲ್ಲೇ 134 ಹೊಡೆದಿದ್ದರು. ಮೇಲೇರುವ ವೇಗ ನೋಡಿ ಎಲ್ಲರೂ ಬಾಯಿಬಿಟ್ಟು ನಿಂತಿದ್ದ ಹೊತ್ತು ಅದು.

ಬೇಕಂತ ತಗೊಂಡಿಲ್ಲ ಅಂತ ಒಪ್ಪಿದ ಮೇಲೂ ಶಿಕ್ಷೆ ಯಾಕೆ?

ಡೋಪಿಂಗ್ ನಿಯಮದಲ್ಲಿ ಮೊದಲ ಪ್ರಶ್ನೆ ಒಂದೇ: ನಿನ್ನ ಮೈಯಲ್ಲಿ ಅದು ಇತ್ತಾ, ಇಲ್ಲವಾ? ಇತ್ತು ಅಂದರೆ ತಪ್ಪು ಆಯಿತು. ಹೇಗೆ ಬಂತು, ಯಾಕೆ ಬಂತು ಎಂಬುದೆಲ್ಲ ಶಿಕ್ಷೆ ಎಷ್ಟು ಎಂದು ತೀರ್ಮಾನಿಸುವಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಠಿಣ ಅನ್ನಿಸಬಹುದು. ಆದರೆ "ಗೊತ್ತಿರಲಿಲ್ಲ" ಎಂಬ ಉತ್ತರಕ್ಕೆ ಬಿಟ್ಟುಬಿಟ್ಟರೆ ಸಿಕ್ಕಿಬಿದ್ದವರೆಲ್ಲ ಅದನ್ನೇ ಹೇಳುತ್ತಾರೆ ಅಲ್ವಾ?

ಟರ್ಬುಟಲಿನ್ ಪಂದ್ಯದ ದಿನ ಅಂತಲ್ಲ, ವರ್ಷವಿಡೀ ನಿಷೇಧ. ಅದೇ ಗುಂಪಿನ ಸಾಲ್ಬುಟಮಾಲ್ ಇನ್‌ಹೇಲರ್‌ಗೆ ಒಂದು ಮಿತಿಯವರೆಗೆ ಅವಕಾಶ ಇದೆ. ಟರ್ಬುಟಲಿನ್‌ಗೆ ಆ ರಿಯಾಯಿತಿ ಇಲ್ಲ.

ಇದೇ ಔಷಧಿಗೆ ಶಾಗಿಂತ ಮೊದಲೇ ಒಬ್ಬರು ಸಿಕ್ಕಿಬಿದ್ದಿದ್ದರು: ಭಾರತದ ಆಲ್‌ರೌಂಡರ್ ಯೂಸುಫ್ ಪಠಾಣ್. 2017ರ ಸ್ಯಾಂಪಲ್, 5 ತಿಂಗಳ ಬ್ಯಾನ್. ಡಾಕ್ಟರ್ ಬರೆದಿದ್ದೇ ಬೇರೆ, ಕೊಟ್ಟಿದ್ದೇ ಬೇರೆ ಎಂದು ವಿಚಾರಣೆಯಲ್ಲಿ ಹೊರಬಂತು. ಆ ಸುದ್ದಿ 2018ರ ಜನವರಿಯಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಅದಾಗಿ ಒಂದು ವರ್ಷದ ಮೇಲೆ, ಭಾರತ ತಂಡಕ್ಕೆ ಆಡಿದ್ದ ಹುಡುಗನೊಬ್ಬ ಅದೇ ಗುಂಡಿಗೆ ಬಿದ್ದ ಎಂದರೆ, ಅವನಿಗೆ ಯಾರೂ ಸರಿಯಾಗಿ ತಿಳಿಸಿ ಹೇಳಿರಲಿಲ್ಲ ಎಂದೇ ನನಗನ್ನಿಸುತ್ತದೆ.

ಪರೀಕ್ಷೆ ನಿಜವಾಗಿ ಹೇಗೆ ನಡೆಯುತ್ತದೆ?

ಟಿವಿಯಲ್ಲಿ ಯಾರೂ ತೋರಿಸದ ಭಾಗ ಇದು. ಪಂದ್ಯ ಮುಗಿದು ಪ್ಯಾಡ್ ಬಿಚ್ಚುವ ಹೊತ್ತಿಗೆ ಒಬ್ಬರು ಬಂದು ನಿಮ್ಮ ಹೆಸರು ಬಂದಿದೆ ಎನ್ನುತ್ತಾರೆ. ಸಹಿ ಹಾಕಿದ ಕ್ಷಣದಿಂದ ಅವರು ಬೆನ್ನು ಬಿಡುವುದಿಲ್ಲ. ಸ್ನಾನಕ್ಕೆ ಹೋದರೂ ಬಾಗಿಲಲ್ಲಿ ನಿಂತಿರುತ್ತಾರೆ.

ಪರೀಕ್ಷೆಯ ಕೋಣೆಯಲ್ಲಿ ಸೀಲ್ ಆದ ಹಲವು ಕಪ್‌ಗಳಿಂದ ಒಂದನ್ನು ಆಟಗಾರನೇ ಆರಿಸಬೇಕು. ಶೌಚಾಲಯಕ್ಕೆ ಅಧಿಕಾರಿ ಜೊತೆಯಲ್ಲೇ ಬರುತ್ತಾರೆ. ಅಂಗಿ ಎದೆಯವರೆಗೆ ಎತ್ತಿ, ಪ್ಯಾಂಟು ಮೊಣಕಾಲವರೆಗೆ ಇಳಿಸಿ, ಅವರ ಕಣ್ಣೆದುರೇ ಮೂತ್ರ ಕೊಡಬೇಕು. ಕಡಿಮೆ ಅಂದರೂ 90 ಮಿಲಿ ಬೇಕು. ಇಡೀ ದಿನ ಬಿಸಿಲಲ್ಲಿ ಬೆವರಿದವನಿಗೆ ಅಷ್ಟು ಬರುವುದೇ ಕಷ್ಟ. ಸೀಲ್ ಬಾಟಲಿ ನೀರು ಕುಡಿಯುತ್ತಾ ಕಾಯುತ್ತಾ ಕೂರಬೇಕು. ಜಾಸ್ತಿ ಕುಡಿದು ಮೂತ್ರ ತೀರಾ ತೆಳ್ಳಗಾದರೆ ಮತ್ತೆ ಕೊಡಬೇಕು. ಆಮೇಲೆ ಎ ಮತ್ತು ಬಿ ಎಂಬ ಎರಡು ಬಾಟಲಿಗೆ ತಾನೇ ಸುರಿದು, ತಾನೇ ಮುಚ್ಚಳ ಬಿಗಿದು, ಬಾಟಲಿ ಮೇಲಿನ ನಂಬರ್ ಫಾರಂ ಜೊತೆ ತಾಳೆ ನೋಡಬೇಕು.

ಆ ಫಾರಂನಲ್ಲಿ ಕಳೆದ 7 ದಿನ ಯಾವ ಔಷಧಿ, ಯಾವ ಸಪ್ಲಿಮೆಂಟ್ ತಗೊಂಡಿದ್ದೀರಿ ಎಂದು ಬರೆಯಲು ಜಾಗ ಇರುತ್ತದೆ. ಸುಸ್ತಾಗಿ ಮನೆಗೆ ಹೋದರೆ ಸಾಕು ಎಂದಿರುವವರು ಅದನ್ನು ಸುಮ್ನೆ ಖಾಲಿ ಬಿಟ್ಟು ಸಹಿ ಹಾಕುವುದುಂಟು. ಮುಂದೆ ವಿಚಾರಣೆ ಬಂದರೆ ಆ ಖಾಲಿ ಜಾಗವೇ ಕುತ್ತಿಗೆಗೆ ಬರುತ್ತದೆ.

ಬ್ಯಾನ್ ಮಾರ್ಚ್‌ನಿಂದ ಅಂತಾರೆ. ಹಾಗಾದ್ರೆ ಐಪಿಎಲ್ ಆಡಿದ್ದು ಹೇಗೆ?

ಎಲ್ಲರ ತಲೆ ಕೆಡಿಸಿದ ಪ್ರಶ್ನೆ ಇದು. ಬ್ಯಾನ್ ಅವಧಿ 2019ರ ಮಾರ್ಚ್ 16ರಿಂದ ನವೆಂಬರ್ 15ರವರೆಗೆ. ಆದರೆ ಶಾಗೆ ನೋಟಿಸ್ ಹೋಗಿ ತಾತ್ಕಾಲಿಕ ಅಮಾನತು ಆಗಿದ್ದೇ ಜುಲೈ 16ಕ್ಕೆ. ನಡುವೆ ಡೆಲ್ಲಿ ಕ್ಯಾಪಿಟಲ್ಸ್ ಪರ 16 ಪಂದ್ಯ ಆಡಿ 353 ರನ್ ಹೊಡೆದಿದ್ದರು. ತಪ್ಪನ್ನು ತಕ್ಷಣ ಒಪ್ಪಿಕೊಂಡವರಿಗೆ ಬ್ಯಾನ್ ಎಣಿಕೆಯನ್ನು ಹಿಂದಿನ ದಿನಾಂಕದಿಂದ ಶುರು ಮಾಡಲು ನಿಯಮದಲ್ಲಿ ಅವಕಾಶ ಇದೆ. ಬಿಸಿಸಿಐ ಅದನ್ನು ಬಳಸಿತು. ಅಂದರೆ ಕಾಗದದ ಮೇಲೆ 8 ತಿಂಗಳು, ಅಂಗಳದ ಮಟ್ಟಿಗೆ ಸುಮಾರು 4 ತಿಂಗಳು. ಇದು ಸರಿಯಾ ಅಂತ ಆಗಲೂ ಟೀಕೆ ಬಂತು. ನನಗೂ ಇದು ಸರಿ ಕಾಣಲಿಲ್ಲ. ಫೆಬ್ರವರಿಯ ಸ್ಯಾಂಪಲ್‌ಗೆ ಜುಲೈನಲ್ಲಿ ನೋಟಿಸ್ ಕೊಟ್ಟಿದ್ದು ಆಟಗಾರನ ತಪ್ಪಂತೂ ಅಲ್ಲ, ಆದರೆ ಬ್ಯಾನ್ ಅವಧಿಯ ಒಳಗೇ ಇಡೀ ಒಂದು ಐಪಿಎಲ್ ಮುಗಿದುಹೋಯಿತು ಎಂಬುದು ವಿಚಿತ್ರವೇ.

ಆ ಐಪಿಎಲ್‌ನ ಒಂದು ರಾತ್ರಿಯನ್ನು ಹೇಳಲೇಬೇಕು. ಮಾರ್ಚ್ 30, ದೆಹಲಿಯ ಕೋಟ್ಲಾ, ಎದುರಾಳಿ ಕೋಲ್ಕತಾ. ಶಾ 99ಕ್ಕೆ ಔಟಾದರು. ಪಂದ್ಯ ಟೈ ಆಯಿತು. ಸೂಪರ್ ಓವರ್‌ನಲ್ಲಿ ಕಗಿಸೊ ರಬಾಡ ಯಾರ್ಕರ್ ಹಾಕಿ ವೆಸ್ಟ್ ಇಂಡೀಸ್‌ನ ಆಂಡ್ರೆ ರಸೆಲ್ ಅವರ ಸ್ಟಂಪ್ ಎಗರಿಸಿ ಡೆಲ್ಲಿಯನ್ನು ಗೆಲ್ಲಿಸಿದರು. ರಸೆಲ್ ಅದಾಗಲೇ ಡೋಪಿಂಗ್ ನಿಯಮದಡಿ ಒಂದು ವರ್ಷದ ಬ್ಯಾನ್ ಮುಗಿಸಿ ಬಂದವರು. ಶಾ ಬ್ಯಾನ್ ಒಳಗಿದ್ದರೂ ಅದು ಯಾರಿಗೂ ಗೊತ್ತಿರಲಿಲ್ಲ. ರಬಾಡ ಸರದಿ 2025ರಲ್ಲಿ ಬಂತು.

ಬ್ಯಾನ್ ಇದ್ದಾಗ ಏನೇನು ಮಾಡುವಂತಿಲ್ಲ?

ಮಂಡಳಿಗೆ ಸೇರಿದ ಯಾವ ಪಂದ್ಯವನ್ನೂ ಆಡುವಂತಿಲ್ಲ. ಕ್ಲಬ್ ಪಂದ್ಯವೂ ಇಲ್ಲ, ಕೋಚಿಂಗೂ ಇಲ್ಲ. ತಂಡದ ಜೊತೆ ನೆಟ್ಸ್‌ಗೆ ಹೋಗುವಂತಿಲ್ಲ, ಸಂಸ್ಥೆಯ ಜಿಮ್ ಬಳಸುವಂತಿಲ್ಲ. ಕೊನೆಯ 2 ತಿಂಗಳು ಅಥವಾ ಅವಧಿಯ ಕೊನೆಯ ಕಾಲು ಭಾಗ, ಯಾವುದು ಕಡಿಮೆಯೋ ಅಷ್ಟು ದಿನ ಮಾತ್ರ ತರಬೇತಿಗೆ ವಾಪಸ್ ಬಿಡುತ್ತಾರೆ. ಶಾಗೆ ಆ ಬಾಗಿಲು ಸೆಪ್ಟೆಂಬರ್ ಮಧ್ಯದಲ್ಲಿ ತೆರೆಯಿತು.

ಸ್ವಂತ ದುಡ್ಡಲ್ಲಿ, ಸ್ವಂತ ಜಾಗದಲ್ಲಿ ಅಭ್ಯಾಸ ಮಾಡಬಹುದು. ಆದರೆ ಸಂಪಾದನೆ ನಿಂತಿರುತ್ತದೆ. ಈಗಿನ ಐಪಿಎಲ್ ಆಟಗಾರರಿಗೆ ಅದು ಅಷ್ಟು ತಟ್ಟದೆ ಇರಬಹುದು. ಹಳಬರಿಗೆ ತಟ್ಟುತ್ತಿತ್ತು. 1996ರಲ್ಲಿ ಕೊಕೇನ್‌ಗೆ ಸಿಕ್ಕಿಬಿದ್ದ ಇಂಗ್ಲೆಂಡಿನ ಎಡ್ ಗಿಡಿನ್ಸ್ ಅವರನ್ನು ಸಸೆಕ್ಸ್ ಕೌಂಟಿ ಕೈಬಿಟ್ಟಿತು. ಬ್ಯಾನ್ ಕಾಲದಲ್ಲಿ ಈ ವೇಗದ ಬೌಲರ್ ಕ್ರಿಸ್‌ಮಸ್ ಮರ ಮಾರಿ ಹೊಟ್ಟೆ ಹೊರೆದರು. 1998ರಲ್ಲಿ ವಾರ್ವಿಕ್‌ಷೈರ್‌ಗೆ ಬಂದರು, 1999ರಲ್ಲಿ ಇಂಗ್ಲೆಂಡ್ ಕ್ಯಾಪ್ ಹಾಕಿದರು, 2000ದಲ್ಲಿ ಲಾರ್ಡ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ 15 ರನ್‌ಗೆ 5 ವಿಕೆಟ್ ಕಿತ್ತರು.

ಆ 4 ತಿಂಗಳಲ್ಲಿ ಶಾ ಕಳೆದುಕೊಂಡಿದ್ದಾದರೂ ಏನು?

ಆರಂಭಿಕನ ಜಾಗ. 2019ರ ಅಕ್ಟೋಬರ್‌ನಲ್ಲಿ ವಿಶಾಖಪಟ್ಟಣದಲ್ಲಿ ರೋಹಿತ್ ಶರ್ಮಾ ಮೊದಲ ಸಲ ಟೆಸ್ಟ್‌ನಲ್ಲಿ ಇನಿಂಗ್ಸ್ ಆರಂಭಿಸಿ ಎರಡೂ ಇನಿಂಗ್ಸ್‌ನಲ್ಲಿ ಶತಕ ಹೊಡೆದರು. ಇನ್ನೊಂದು ತುದಿಯಲ್ಲಿ ನಮ್ಮ ಮಯಂಕ್ ಅಗರ್‌ವಾಲ್ 215. ನವೆಂಬರ್ 15ರಂದು, ಶಾ ಬ್ಯಾನ್‌ನ ಕಡೇ ದಿನ, ಬಾಂಗ್ಲಾದೇಶದ ವಿರುದ್ಧ ಮಯಂಕ್ 243 ಹೊಡೆದರು. ಎಲ್ಲಿ ಅಂತೀರಾ? ಶಾ ಸ್ಯಾಂಪಲ್ ಕೊಟ್ಟ ಅದೇ ಇಂದೋರ್‌ನಲ್ಲಿ!

ಯಾರೂ ಶಾ ಅವರನ್ನು ತಳ್ಳಿ ಹಾಕಲಿಲ್ಲ. ಅವರು ಇಲ್ಲದ ಹೊತ್ತಲ್ಲಿ ಬೇರೆಯವರು ಚೆನ್ನಾಗಿ ಆಡಿದರು, ಅಷ್ಟೇ. ತಿಂಗಳು ಎಣಿಸುವ ನಿಯಮಕ್ಕೆ ಈ ನಷ್ಟ ಕಾಣುವುದಿಲ್ಲ.

ವಾಪಸ್ ಬಂದ ಮೇಲೆ ಹೇಗೆ ಆಡಿದ್ರು?

ಶುರು ಅದ್ಭುತ. ನವೆಂಬರ್ 17ರಂದು, ಬ್ಯಾನ್ ಮುಗಿದ ಎರಡೇ ದಿನಕ್ಕೆ, ವಾಂಖೆಡೆಯಲ್ಲಿ ಅಸ್ಸಾಂ ವಿರುದ್ಧ 39 ಎಸೆತಕ್ಕೆ 63. ಡಿಸೆಂಬರ್‌ನಲ್ಲಿ ಬರೋಡಾ ವಿರುದ್ಧ ರಣಜಿಯಲ್ಲಿ ದ್ವಿಶತಕ. ರೋಹಿತ್ ಗಾಯಗೊಂಡಿದ್ದರಿಂದ 2020ರ ಫೆಬ್ರವರಿಯಲ್ಲಿ ನ್ಯೂಜಿಲೆಂಡ್‌ನಲ್ಲಿ ಮತ್ತೆ ಟೆಸ್ಟ್, ಅದೂ ಮಯಂಕ್ ಜೊತೆ. ಕ್ರೈಸ್ಟ್‌ಚರ್ಚ್‌ನಲ್ಲಿ 54. ಆಮೇಲೆ ಡಿಸೆಂಬರ್‌ನಲ್ಲಿ ಅಡಿಲೇಡ್: 0 ಮತ್ತು 4. ಭಾರತ 36ಕ್ಕೆ ಆಲೌಟ್ ಆದ ಪಂದ್ಯ ಅದು. ಮುಂದಿನ ಟೆಸ್ಟ್‌ಗೆ ಕೈಬಿಟ್ಟರು. ಅದಾದ ಮೇಲೆ ಟೆಸ್ಟ್ ತಂಡದಲ್ಲಿ ಆಡುವ ಅವಕಾಶ ಸಿಕ್ಕಿಲ್ಲ.

ಮನೆಗೆ ಬಂದವರು ಸುಮ್ಮನೆ ಕೂರಲಿಲ್ಲ. 2021ರ ವಿಜಯ್ ಹಜಾರೆ ಟ್ರೋಫಿಯಲ್ಲಿ 827 ರನ್ ಕೂಡಿಹಾಕಿದರು. ಕರ್ನಾಟಕದವರು ಇದನ್ನು ಮರೆಯುವ ಹಾಗಿಲ್ಲ. ಸೆಮಿಫೈನಲ್‌ನಲ್ಲಿ ನಮ್ಮ ಬೌಲರ್‌ಗಳನ್ನು ಅಟ್ಟಾಡಿಸಿ 122 ಎಸೆತಕ್ಕೆ 165 ಹೊಡೆದು ನಮ್ಮನ್ನು ಮನೆಗೆ ಕಳಿಸಿದ್ದು ಇವರೇ. 2023ರ ಜನವರಿಯಲ್ಲಿ ಅಸ್ಸಾಂ ವಿರುದ್ಧ ರಣಜಿಯಲ್ಲಿ 379.

ನಂತರ ಇಳಿಜಾರು. 2024ರ ಅಕ್ಟೋಬರ್‌ನಲ್ಲಿ ಮುಂಬೈ ರಣಜಿ ತಂಡದಿಂದ ಹೊರಬಿದ್ದರು. ನವೆಂಬರ್‌ನ ಐಪಿಎಲ್ ಹರಾಜಿನಲ್ಲಿ 75 ಲಕ್ಷದ ಮೂಲ ಬೆಲೆಗೂ ಯಾರೂ ಕೈ ಎತ್ತಲಿಲ್ಲ. 2025ರಲ್ಲಿ ಮುಂಬೈ ಬಿಟ್ಟು ಮಹಾರಾಷ್ಟ್ರ ತಂಡ ಸೇರಿದರು. ಆ ಅಕ್ಟೋಬರ್‌ನಲ್ಲಿ ಚಂಡೀಗಢದ ವಿರುದ್ಧ 222. ಡಿಸೆಂಬರ್‌ನ ಹರಾಜಿನಲ್ಲಿ ಅವರ ಹಳೇ ತಂಡ ಡೆಲ್ಲಿಯೇ 75 ಲಕ್ಷಕ್ಕೆ ಮತ್ತೆ ಕರೆದುಕೊಂಡಿತು.

ಹಾಗಾದ್ರೆ ಇದಕ್ಕೆಲ್ಲ ಆ ಬ್ಯಾನೇ ಕಾರಣ ಅಲ್ವಾ?

ಅಷ್ಟು ಸುಲಭವಾಗಿ ಹೇಳಲು ಆಗುವುದಿಲ್ಲ. ಸಿರಪ್‌ಗೂ ಯಾರೂ ಕೊಳ್ಳದ ಆ ಹರಾಜಿಗೂ ನಡುವೆ 5 ವರ್ಷ ಇದೆ. ಆ 5 ವರ್ಷದಲ್ಲಿ 827 ಇದೆ, 379 ಇದೆ, ಒಳಕ್ಕೆ ನುಗ್ಗುವ ಚೆಂಡಿಗೆ ಬ್ಯಾಟ್ ಮತ್ತು ಪ್ಯಾಡ್ ನಡುವೆ ಬಿಡುವ ಸಂದಿಯೂ ಇದೆ. ಫಿಟ್‌ನೆಸ್, ಶಿಸ್ತಿನ ಬಗ್ಗೆ ಮುಂಬೈನವರೇ ಬಹಿರಂಗವಾಗಿ ಮಾತಾಡಿದ್ದಾರೆ. ಇದರಲ್ಲಿ ಯಾವುದೂ ಟರ್ಬುಟಲಿನ್‌ನಿಂದ ಬಂದಿದ್ದಲ್ಲ.

ಆದರೆ ಒಂದು ಮಾತು. ಒಮ್ಮೆ ಬ್ಯಾನ್ ಆದವನ ಮೇಲೆ ಅನುಮಾನ ಅಗ್ಗಕ್ಕೆ ಸಿಗುತ್ತದೆ. ಬೇರೆಯವರು ಆಟದ ಲಯ ಕಳೆದುಕೊಂಡರೆ ಲಯ ಹೋಯಿತು ಅನ್ನುತ್ತೇವೆ. ಇವನು ಕಳೆದುಕೊಂಡರೆ "ಮೊದಲಿಂದಲೂ ಹಾಗೇ" ಅನ್ನುತ್ತೇವೆ. ಕೆಮ್ಮಿನ ಸಿರಪ್ ಕುಡಿದಿದ್ದನ್ನೂ ನಡತೆಯ ಪಟ್ಟಿಗೆ ಸೇರಿಸುವುದು ನ್ಯಾಯ ಅಲ್ಲ.

ಶೇನ್ ವಾರ್ನ್ ಹೇಗೆ ವಾಪಸ್ ಬಂದ್ರು?

ವಾರ್ನ್ ಪ್ರಕರಣ ಇದಕ್ಕಿಂತ ಗೋಜಲು. 2003ರ ಫೆಬ್ರವರಿ 11, ಆಸ್ಟ್ರೇಲಿಯಾದ ವಿಶ್ವಕಪ್ ಮೊದಲ ಪಂದ್ಯದ ದಿನ. ಜೋಹಾನ್ಸ್‌ಬರ್ಗ್‌ನಿಂದ ಅವರನ್ನು ಮನೆಗೆ ಕಳಿಸಿದರು. ಸಿಕ್ಕಿದ್ದು ಮೂತ್ರ ಹೆಚ್ಚಿಸುವ ಮಾತ್ರೆ. ಅದರಿಂದ ಬೌಲಿಂಗ್ ಏನೂ ಚೆನ್ನಾಗುವುದಿಲ್ಲ. ಆದರೆ ಮೂತ್ರ ತೆಳ್ಳಗಾಗಿ ಬೇರೆ ಔಷಧಿಯ ಗುರುತು ಮರೆಯಾಗಬಹುದು ಎಂದೇ ನಿಷೇಧ. ಅದಕ್ಕೆ ಸ್ವಲ್ಪ ಮೊದಲು ಅವರ ಭುಜದ ಕೀಲು ತಪ್ಪಿತ್ತು. ಹಾಗಾಗಿ ಬೇಗ ವಾಸಿಯಾಗಲು ಬೇರೇನೋ ತಗೊಂಡು ಮರೆಮಾಚಿದರಾ ಎಂಬ ಅನುಮಾನ ಜಾಸ್ತಿ ಆಯಿತು. ತೆಳ್ಳಗೆ ಕಾಣಲಿ ಅಂತ ಅಮ್ಮ ಕೊಟ್ಟ ಮಾತ್ರೆ ಎಂದು ವಾರ್ನ್ ಹೇಳಿದರು. ಅಮ್ಮ ವಿಚಾರಣೆಗೂ ಬಂದರು. ಸಮಿತಿ ಆ ಮಾತನ್ನು ಪೂರ್ತಿ ನಂಬಲಿಲ್ಲ. ಆದರೂ ಕೊಟ್ಟಿದ್ದು 2 ವರ್ಷವಲ್ಲ, 1 ವರ್ಷ.

ಆಗ ಅವರ ಟೆಸ್ಟ್ ವಿಕೆಟ್ 491, ವಯಸ್ಸು 33. ಬಿಟ್ಟುಬಿಡುವುದಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕಿರಲಿಲ್ಲ. ಆ ವರ್ಷ ಟಿವಿ ಕಾಮೆಂಟರಿ ಮಾಡಿದರು. 2004ರ ಮಾರ್ಚ್‌ನಲ್ಲಿ ಗಾಲ್ ಟೆಸ್ಟ್‌ಗೆ ಬಂದವರು ಎರಡೂ ಇನಿಂಗ್ಸ್‌ನಲ್ಲಿ ಐದೈದು ವಿಕೆಟ್ ತೆಗೆದು, ಅಲ್ಲೇ 500 ದಾಟಿದರು. 2005 ಒಂದೇ ವರ್ಷದಲ್ಲಿ 96 ವಿಕೆಟ್, ಅದರಲ್ಲಿ 40 ಆ್ಯಷಸ್‌ನಲ್ಲಿ. ಮುಗಿಸಿದ್ದು 708ಕ್ಕೆ. ಅಂದರೆ 217 ವಿಕೆಟ್ ಬ್ಯಾನ್ ಆದ ಮೇಲಿನವು. ಒಂದು ವರ್ಷ ಭುಜಕ್ಕೂ ಬೆರಳಿಗೂ ಸಿಕ್ಕ ಬಿಡುವು ಅವರಿಗೆ ಒಳ್ಳೆಯದೇ ಮಾಡಿತು ಎಂದು ನನ್ನ ಅಂದಾಜು. ಪಳಗಿದ 33ರ ಬೌಲರ್‌ಗೆ ಒಂದು ವರ್ಷ ವಿಶ್ರಾಂತಿ ಆಗಬಹುದು. ಈಗಷ್ಟೇ ಬಾಗಿಲು ತೆರೆದುಕೊಂಡ 19ರ ಹುಡುಗನಿಗೆ 4 ತಿಂಗಳೇ ದುಬಾರಿ.

2008ರಲ್ಲಿ ರಾಜಸ್ಥಾನಕ್ಕೆ ಮೊದಲ ಐಪಿಎಲ್ ಗೆದ್ದುಕೊಟ್ಟಿದ್ದೂ ಇದೇ ವಾರ್ನ್. ಆ ಫೈನಲ್‌ನ ಪಂದ್ಯಶ್ರೇಷ್ಠ? ಯೂಸುಫ್ ಪಠಾಣ್.

ತಪ್ಪೇ ಮಾಡದೆ ಸಿಕ್ಕಿಬಿದ್ದವರು ಇದ್ದಾರಾ?

ಶ್ರೀಲಂಕಾದ ಕುಸಾಲ್ ಪೆರೆರಾ. 2015ರ ಕೊನೆಯಲ್ಲಿ ಕತಾರ್ ಲ್ಯಾಬ್ ವರದಿ ನೋಡಿ ಅಮಾನತು ಮಾಡಿದರು. ದೊಡ್ಡ ಶಿಕ್ಷೆಯ ಭಯ, 2016ರ ಟಿ20 ವಿಶ್ವಕಪ್ ತಪ್ಪಿತು. ಹೋರಾಡಿದರು, ಬೇರೆ ತಜ್ಞರು ವರದಿಯನ್ನು ಮತ್ತೆ ನೋಡಿದರು, ಮೇ ತಿಂಗಳಲ್ಲಿ ಐಸಿಸಿ ಆರೋಪವನ್ನೇ ವಾಪಸ್ ಪಡೆಯಿತು. ತಪ್ಪಿದ ವಿಶ್ವಕಪ್ ಅನ್ನು ಯಾರೂ ವಾಪಸ್ ಕೊಡಲಿಲ್ಲ. 2019ರಲ್ಲಿ ಡರ್ಬನ್‌ನಲ್ಲಿ ಕೊನೆಯ ವಿಕೆಟ್‌ಗೆ ವಿಶ್ವ ಫರ್ನಾಂಡೊ ಜೊತೆ 78 ರನ್ ಸೇರಿಸಿ, ಅಜೇಯ 153 ಹೊಡೆದು ಟೆಸ್ಟ್ ಗೆಲ್ಲಿಸಿದ್ದು ಇದೇ ಪೆರೆರಾ.

ಪಾಕಿಸ್ತಾನದ ಯಾಸಿರ್ ಷಾ ಕಥೆ ಇನ್ನೂ ಮನೆಮಟ್ಟದ್ದು. ಹೆಂಡತಿಯ ಬಿಪಿ ಮಾತ್ರೆಯನ್ನು ತನ್ನದೆಂದು ನುಂಗಿದರಂತೆ. 3 ತಿಂಗಳು ಬ್ಯಾನ್. ಆಮೇಲೆ 2016ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ 10 ವಿಕೆಟ್.

ಏನೂ ತಗೊಳ್ಳದೆಯೂ ಬ್ಯಾನ್ ಆಗಬಹುದಾ?

ಆಗಬಹುದು. ಡೋಪಿಂಗ್ ಪರೀಕ್ಷೆಯ ಪಟ್ಟಿಯಲ್ಲಿರುವ ಆಟಗಾರರು ಪ್ರತಿದಿನ ಒಂದು ಗಂಟೆ ಪರೀಕ್ಷೆಗೆ ಎಲ್ಲಿ ಸಿಗುತ್ತೇವೆ ಎಂದು ಮೊದಲೇ ತಿಳಿಸಬೇಕು. 12 ತಿಂಗಳಲ್ಲಿ 3 ಸಲ ತಪ್ಪಿದರೆ ಪಾಸಿಟಿವ್ ಬಂದಂತೆಯೇ ಲೆಕ್ಕ. ರಸೆಲ್ ಬ್ಯಾನ್ ಆಗಿದ್ದು ಹೀಗೇ, 2017ರ ಜನವರಿಯಿಂದ ಒಂದು ವರ್ಷ. ವಾಪಸ್ ಬಂದು 2019ರ ಐಪಿಎಲ್‌ನಲ್ಲಿ 52 ಸಿಕ್ಸರ್ ಹೊಡೆದರು.

ಈ ವಿವರ ಕೊಡುವುದಕ್ಕೆ ಒಪ್ಪದೆ ಬಿಸಿಸಿಐ ವರ್ಷಗಟ್ಟಲೆ ನಾಡಾದಿಂದ (ದೇಶದ ಡೋಪಿಂಗ್ ತಡೆ ಸಂಸ್ಥೆ) ದೂರ ಇತ್ತು. ಶಾ ಸುದ್ದಿ ಬಂದ ಕೆಲವೇ ದಿನಕ್ಕೆ, 2019ರ ಆಗಸ್ಟ್ 9ರಂದು ಒಪ್ಪಿತು. ಮುಂದಿನ ವರ್ಷ ನಮ್ಮ ಕೆ.ಎಲ್. ರಾಹುಲ್ ಸೇರಿ ಐವರಿಗೆ ವಿವರ ಸಲ್ಲಿಸಿಲ್ಲ ಎಂದು ನಾಡಾ ನೋಟಿಸ್ ಕೊಟ್ಟಿತು. ಪಾಸ್‌ವರ್ಡ್ ತೊಂದರೆ ಆಗಿತ್ತು ಎಂದು ಮಂಡಳಿ ವಿವರಣೆ ನೀಡಿತು.

ಮೋಜಿಗೆ ಡ್ರಗ್ಸ್ ತಗೊಂಡವರಿಗೆ ಒಂದೇ ತಿಂಗಳು ಬ್ಯಾನಂತೆ, ಹೌದಾ?

ಹೌದು. 2021ರಿಂದ ನಿಯಮ ಬದಲಾಗಿದೆ. ಕೊಕೇನ್, ಗಾಂಜಾದಂಥವನ್ನು ಪಂದ್ಯದ ಹೊರಗೆ, ಆಟಕ್ಕೆ ಸಂಬಂಧವಿಲ್ಲದೆ ತಗೊಂಡಿದ್ದರೆ 3 ತಿಂಗಳು. ಚಿಕಿತ್ಸಾ ಕಾರ್ಯಕ್ರಮ ಮುಗಿಸಿದರೆ 1 ತಿಂಗಳು. ರಬಾಡ 2025ರಲ್ಲಿ ಅಷ್ಟು ಮುಗಿಸಿ ಬಂದು, ಜೂನ್‌ನಲ್ಲಿ ಲಾರ್ಡ್ಸ್‌ನ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ 9 ವಿಕೆಟ್ ಪಡೆದರು. ಸಿರಪ್‌ಗೆ 8 ತಿಂಗಳು, ಇದಕ್ಕೆ 1 ತಿಂಗಳಾ ಅಂತ ಸಿಟ್ಟು ಬರುವುದು ಸಹಜ. ಆದರೆ ಚಟಕ್ಕೆ ಬೇಕಿರುವುದು ಚಿಕಿತ್ಸೆ ಎಂಬ ಲೆಕ್ಕಾಚಾರ ನನಗೆ ಒಪ್ಪಿಗೆ.

ಜಿಂಬಾಬ್ವೆಯ ಬ್ರೆಂಡನ್ ಟೇಲರ್ 2022ರಲ್ಲಿ ಮೂರೂವರೆ ವರ್ಷ ಬ್ಯಾನ್ ಆದಾಗ ಅದರಲ್ಲಿ ಡೋಪಿಂಗ್ ಪಾಲು ಒಂದೇ ತಿಂಗಳು. ಉಳಿದಿದ್ದು ಬುಕ್ಕಿಗಳು ಸಂಪರ್ಕಿಸಿದ್ದನ್ನು ತಡವಾಗಿ ತಿಳಿಸಿದ್ದಕ್ಕೆ. ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿದರು, ಅದನ್ನು ಮುಚ್ಚಿಡಲಿಲ್ಲ. 2025ರ ಆಗಸ್ಟ್‌ನಲ್ಲಿ 39ನೇ ವಯಸ್ಸಿಗೆ ಬುಲವಾಯೊದಲ್ಲಿ ಮತ್ತೆ ಟೆಸ್ಟ್ ಆಡಿದರು.

ನನ್ನ ಮಗ ಕೆಎಸ್‌ಸಿಎ ಲೀಗ್ ಆಡ್ತಾನೆ. ಕೆಮ್ಮು ಬಂದ್ರೆ ಏನು ಮಾಡೋದು?

ಮೊದಲು ಡಾಕ್ಟರ್‌ಗೆ "ಇವನು ಆಟಗಾರ, ಡೋಪಿಂಗ್ ಪರೀಕ್ಷೆ ಆಗಬಹುದು" ಎಂದು ಬಾಯಿಬಿಟ್ಟು ಹೇಳಿ. ಮೆಡಿಕಲ್ ಶಾಪ್‌ನವರು ಅದಿಲ್ಲ, ಇದು ತಗೊಳ್ಳಿ ಎಂದು ಬೇರೆ ಬ್ರ್ಯಾಂಡ್ ಕೊಟ್ಟರೆ ಅಲ್ಲೇ ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿ. ಬ್ರೋಮ್‌ಹೆಕ್ಸಿನ್, ಗ್ವಾಯ್‌ಫೆನೆಸಿನ್ ಜೊತೆ ಟರ್ಬುಟಲಿನ್ ಸೇರಿರುವುದು ತುಂಬ ಸಾಮಾನ್ಯ. ಹೆಸರಿನ ಕೊನೆಗೆ ಒಂದಕ್ಷರ ಬದಲಾದರೆ ಒಳಗಿನ ಔಷಧಿಯೇ ಬದಲಾಗಿರಬಹುದು. ನಾಡಾದ ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಹೆಸರು ಹಾಕಿ ನೋಡಬಹುದು. ನೋಡಿದ್ದರ ಸ್ಕ್ರೀನ್‌ಶಾಟ್, ಡಾಕ್ಟರ್ ಚೀಟಿ, ಬಿಲ್ಲು ಮೂರನ್ನೂ ಇಟ್ಟುಕೊಳ್ಳಿ.

ಜಿಮ್‌ನಲ್ಲಿ ಯಾರೋ ಡಬ್ಬಿಯಿಂದ ತೆಗೆದುಕೊಡುವ ಪುಡಿ ಬೇಡವೇ ಬೇಡ. ಆಯುರ್ವೇದ, ಗಿಡಮೂಲಿಕೆ ಎಂದು ಬರೆದಿದ್ದರೂ ಅಷ್ಟೇ. ಮನೆಯ ಶುಂಠಿ, ಮೆಣಸಿನ ಕಷಾಯಕ್ಕೆ ಯಾರ ಅಡ್ಡಿಯೂ ಇಲ್ಲ.

ಡಾಕ್ಟರ್ ಚೀಟಿ ಇದ್ರೆ ಸಾಕಲ್ವಾ?

ಸಾಲದು. ನಿಷೇಧಿತ ಔಷಧಿಯೇ ಬೇಕೆಂದರೆ ಚಿಕಿತ್ಸೆಗಾಗಿ ವಿನಾಯಿತಿ ಕೋರಿ ಅರ್ಜಿ ಹಾಕಬೇಕು. ಅದಕ್ಕೆ ಟಿಯುಇ ಅನ್ನುತ್ತಾರೆ. ಬೇರೆ ಔಷಧಿ ಯಾಕೆ ಆಗುವುದಿಲ್ಲ ಎಂದು ವೈದ್ಯಕೀಯ ದಾಖಲೆ ಸಮೇತ ತೋರಿಸಬೇಕು. ತುರ್ತು ಪರಿಸ್ಥಿತಿ ಇದ್ದರೆ ಔಷಧಿ ತಗೊಂಡ ಮೇಲೂ ಅರ್ಜಿ ಹಾಕಬಹುದು. ಸಾಧಾರಣ ಕೆಮ್ಮು ಆ ಲೆಕ್ಕಕ್ಕೆ ಬರುವುದಿಲ್ಲ.